ಅವಲಕ್ಕಿಗೆ ಸಿಕ್ಕ ವಿದ್ಯಾರ್ಥಿವೇತನ

ಎಲ್ಲಾ ಆದದ್ದು ಒಂದೇ ಒಂದು ಮಾತಿನಿಂದ. ಗದಗದಿಂದ ನಾಸಿಕಕ್ಕೆ ಬಂದು ತಿಂಗಳೂ ತುಂಬಿರದ ಶ್ರೀಪತಿಯನ್ನು, ಕಾಲೇಜು ಸೇರುವ ದಿನ, ಆಟ ಕಲಿಸುವ ವೈಜನಾಥ ಸರ್ ಮರಾಠಿಯಲ್ಲಿ ಕೇಳಿದ್ದರು: "ಪೋಹಾಯಲಾ ಯೇತಂ ಕಾ?"

ಪೋಹೆ ಎಂದರೆ ಅವಲಕ್ಕಿ ಎಂಬಷ್ಟು ಮರಾಠಿ ಅವನಿಗೆ ಗೊತ್ತಿತ್ತು. ಕಾಕಾನ ಮನೆಯಲ್ಲಿ ಬೆಳಗಿನ ಅವಲಕ್ಕಿಗೆ ಒಗ್ಗರಣೆ ಹಾಕುವವನು ಅವನೇ. ಹರಕುಮುರುಕು ಹಿಂದಿಯಲ್ಲಿ, "ಬರತದ ಸರ್, ದಿನಾ ಮುಂಜಾನೆ" ಎಂದ.

"ಥಂಡಿಯಲ್ಲೂ?"

"ಥಂಡಿಯಲ್ಲಿ ಎರಡು ಸಲ, ಸರ್."

ವೈಜನಾಥ ಸರ್ ಬೆನ್ನು ಚಪ್ಪರಿಸಿ, ಆಟಗಾರರ ವಿದ್ಯಾರ್ಥಿವೇತನಕ್ಕೆ ಅವನ ಹೆಸರು ಸೇರಿಸಿದರು. ಫೀ ಪೂರಾ ಮಾಫ್. ಅವಲಕ್ಕಿಗೆ ಇಷ್ಟು ಮರ್ಯಾದೆ ಕೊಡುವ ಊರಿಗೆ ಶ್ರೀಪತಿ ಮನಸ್ಸಿನಲ್ಲೇ ಕೈಮುಗಿದ.

ಇವತ್ತು ಸರ್ ಹೇಳಿಕಳಿಸಿದ್ದರು: ಸಂಜೆ ಗೋದಾವರಿ ದಂಡೆಯಲ್ಲಿ ಸ್ಪರ್ಧೆ, ಚಡ್ಡಿ ತೊಟ್ಟು ಬಾ.

"ಅವಲಕ್ಕಿ ಮಾಡಾಕ ಚಡ್ಡಿ ಯಾಕ, ಕಾಕು?"

ಈರಮ್ಮ ಕಾಕು ಸವಟು ಕೆಳಗಿಟ್ಟಳು. "ಅಯ್ಯ ನನ್ನಪ್ಪಾ! ಪೋಹಾಯಲಾ ಅಂದ್ರ ನೀರಾಗ ಈಸಾಕೋ!"

ಶ್ರೀಪತಿಯ ಜೀವ ಬಾವಿಗೆ ಬಿದ್ದ ಕೊಡದಂತೆ ಗುಡುಗುಡು ಅಂದಿತು. ತಲೆಗೆ ತಂಬಿಗೆ ನೀರನ್ನೂ ಕಣ್ಣು ಮುಚ್ಚಿಯೇ ಸುರಿದುಕೊಳ್ಳುವವನು ಅವನು.

"ಖರೇ ಹೇಳಿಬಿಡತೇನಿ."

"ಹೇಳಿದ್ರ ಫೀ ಕಟ್ಟಾವ್ರು ಯಾರೋ? ಕಾಲೇಜು ಬಿಟ್ಟು ಊರಿಗೆ ಹೋಗ್ಬೇಕಾಗ್ತದ."

ಅಷ್ಟರಲ್ಲಿ, ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಪ್ರೇಮಾಬಾಯಿ ಒಣಗಿದ ಸೋರೆಬುರುಡೆ ಎರಡು ಹಿಡಿದು ಓಡಿಬಂದರು. "ಅಂಗಿ ಒಳಗ ಕಟ್ಕೋ, ಮುಳುಗೂದಿಲ್ಲ."

"ಅಂಗೀನ ಇರೂದಿಲ್ರಿ, ಬಾಯಿ!"

"ಹಂಗಾರ ದೇವರ ಹೆಸರು ಹೇಳ್ಕೋತ ಹೋಗಪಾ."

ಘಾಟಿನ ಮೆಟ್ಟಿಲ ಕೆಳಗೆ ಗೋದಾವರಿ ಕೆಂಪಾಗಿ, ಹಸಿದವಳಂತೆ ಹರಿಯುತ್ತಿದ್ದಳು. ಸಂಸ್ಕೃತದ ಜಯಕರ ಪ್ರೊಫೆಸರರು ವೈಜನಾಥ ಸರ್ ಮೇಲೆ ಎಗರಾಡುತ್ತಿದ್ದರು. "ತಲೆಗೆ ಕೊಡೋ ವೇತನ ಕೈಕಾಲಿಗೆ ಕೊಡ್ತೀರಾ? ಈ ಹುಡುಗ ಇವತ್ತು ಸೋಲಲಿ, ನಾಳೆಯೇ ಅದನ್ನ ನಿಲ್ಲಿಸ್ತೀನಿ!"

ಅಷ್ಟರಲ್ಲಿ ನಡುಗುತ್ತ ನಿಂತ ಹುಡುಗ ಕಣ್ಣಿಗೆ ಬಿದ್ದ. ಪ್ರೊಫೆಸರರು ಬೈಗುಳ ಅಲ್ಲಿಗೇ ಬಿಟ್ಟು, ತಮ್ಮ ಶಾಲಿನ ಒಂದು ತುದಿಯನ್ನು ಅವನಿಗೆ ಹೊದಿಸಿದರು. ಸೊಲ್ಲಾಪುರದವರು, ಕನ್ನಡ ಬಲ್ಲವರು. "ಥಂಡಿ ಹತ್ತೇತೇನೋ, ಮಗಾ?"

ಬೆಳಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಶ್ರೀಪತಿಯ ಕಣ್ಣು ತುಂಬಿತು. "ಸರ್, ನನಗ ಈಸಾಕ..." ಎಂದು ಹಿಂದೆ ಸರಿದ. ಕಾಲಡಿ ಪಾಚಿ. ಶಾಲು ಹಿಡಿದೇ ಹೊಳೆಗೆ ಬಿದ್ದ. ಶಾಲಿನ ಇನ್ನೊಂದು ತುದಿಯಲ್ಲಿ ಪ್ರೊಫೆಸರರು. ಉಳಿದ ಮಾತು ನೀರಿನೊಳಗೆ ಗುಳ್ಳೆಯಾಗಿ ಹೋಯಿತು.

ಜಯಕರರು ಭೀಮೆಯ ದಂಡೆಯಲ್ಲಿ ಬೆಳೆದವರು. ಕೊರಳಿಗೆ ಜೋತುಬಿದ್ದವನ ಕೂದಲು ಹಿಡಿದು, ಈಸಿ, ಮೆಟ್ಟಿಲು ಹತ್ತಿದರು. ಜನ ಮುತ್ತಿದರು. ಯಾರು ಯಾರನ್ನು ಉಳಿಸಿದ್ದು?

ಪ್ರೊಫೆಸರರು ಹುಡುಗನ ನೀಲಿಗಟ್ಟಿದ ತುಟಿ ನೋಡಿದರು. ಜನರತ್ತ ತಿರುಗಿದರು. "ನಾನೇ ಜಾರಿದೆ. ನನ್ನ ಜೀವ ಉಳಿಸಿದವನು ಇವನು. ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಲೇಬೇಕು, ನಾನು ಆಡಿದ್ದು ತಪ್ಪು." ಆಮೇಲೆ ಮೆಲ್ಲಗೆ ಕನ್ನಡದಲ್ಲಿ, "ಫೀ ಉಳೀತಲ್ಲ, ಸುಮ್ನಿರು."

ವೈಜನಾಥ ಸರ್ ಆನಂದದಿಂದ ಕುಣಿದಾಡಿದರು. "ತುಂಬಿದ ಹೊಳೆಯಲ್ಲಿ ಮನುಷ್ಯನನ್ನೇ ಹೊತ್ತು ತಂದವನಿಗೆ ಈ ಸ್ಪರ್ಧೆ ಯಾತಕ್ಕೆ? ಇವನು ನೇರವಾಗಿ ಮುಂಬೈಗೆ! ಅಲ್ಲಿ ದೋಣಿಯಲ್ಲಿ ಕರೆದೊಯ್ದು, ಸಮುದ್ರದ ನಡುವೆ ಬಿಡ್ತಾರೆ!"

ಶ್ರೀಪತಿ ಕುಸಿದು ಪ್ರೊಫೆಸರರ ಕಾಲು ಹಿಡಿದ. ಎಂಥ ವಿನಯ ಎಂದು ಜನ ಮೆಚ್ಚಿದರು. ಅವನ ಕೈ ಬಿಡಿಸಲು ಇಬ್ಬರು ಬೇಕಾದರು.