ತಲೆ ಎತ್ತದ ಕುದುರೆ

ಮದುವೆ ದಿಬ್ಬಣಗಳಿಗೆ ಬೋಜಪ್ಪ ಬಾಡಿಗೆಗೆ ಕೊಡುತ್ತಿದ್ದ ಕುದುರೆ ಮುತ್ತು ತಲೆ ಎತ್ತುತ್ತಿರಲಿಲ್ಲ. ತಾಪತ್ರಯ ಇಷ್ಟೇ. ಎರಡು ಮದುವೆಯವರು, "ಇದು ಸಾವಿನ ಮನೆಗೆ ಬಂದದ್ದಾ?" ಎಂದು ಕೇಳಿ ಹಿಂದೆ ಕಳಿಸಿದ್ದರು. ಇನ್ನು ಅದನ್ನು ಸಾಕುವ ಶಕ್ತಿ ಅವನಿಗೂ ಇರಲಿಲ್ಲ. ಮುದಿ ಜಾನುವಾರುಗಳನ್ನು ಗಡಿಯಾಚೆ ಸಾಗಿಸುವ ಮಹೇಶ್ವರನಿಗೆ ಮಾತು ಕೊಟ್ಟಿದ್ದ: "ಜಾಲ್ಸೂರಿನ ದಿಬ್ಬಣದಿಂದಲೂ ಬೆನ್ನಲ್ಲಿ ಮದುಮಗ ಇಲ್ಲದೆ ಬಂದ್ರೆ ಅದು ನಿಂದು." ಆಚೆ ಹೋದವು ಏನಾಗುತ್ತವೆಂದು ಯಾರೂ ಕೇಳುವುದಿಲ್ಲ.

ದಿಬ್ಬಣದ ದಿನ ಬೆಳಕು ಹರಿಯುವಾಗಲೇ ನೆರೆಮನೆಯ ಕಿಟ್ಟಣ್ಣ ಬಂದ. ಹರೆಯದಲ್ಲಿ ಕಂಬಳದ ಕೋಣ ಓಡಿಸಿದವನು. ನಾಲ್ಕು ಕಾಲಿದ್ದದ್ದೆಲ್ಲ ಅವನಿಗೆ ಕೋಣವೇ.

"ಲಗಾಮು ಸಿಕ್ಕಿಸುವ ಈ ಕಡಿವಾಣದ ಕಂಬಿ ಗಿಡ್ಡ ಆಯ್ತು ಮಾರಾಯ. ಉದ್ದ ಮಾಡು. ಉದ್ದ ಇದ್ದಷ್ಟು ಬಲ ಜಾಸ್ತಿ. ಕೋಣದ ಹಗ್ಗ ಎಳೆದ್ರೆ ತಲೆ ಮೇಲೆ ಬರುದಿಲ್ವಾ?"

ವೆಲ್ಡಿಂಗ್ ಅಂಗಡಿಯ ಕುಂಞಿ ಮೋನು ಕಳಚಿ ತಂದ ಕಡಿವಾಣದ ಎರಡೂ ಬದಿಯ ಕಂಬಿಗಳಿಗೆ ಗೇಣುದ್ದ ಕಬ್ಬಿಣ ಬೆಸೆದ. ಬೋಜಪ್ಪ ಅದನ್ನು ಮುತ್ತುವಿನ ಬಾಯಿಗೆ ಹಾಕಿ ಲಗಾಮು ಎಳೆದ. ಕಂಬಿ ಹಿಂದಕ್ಕೆ ತಿರುಗಿತು, ಗಲ್ಲದಡಿಯ ಸರಪಳಿ ಬಿಗಿಯಿತು, ನೆತ್ತಿಯ ಪಟ್ಟಿ ಒತ್ತಿತು. ಶಾಲೆಯಲ್ಲಿ ಪೆಟ್ಟು ತಿಂದ ಮಗುವಿನ ಹಾಗೆ ಮುತ್ತು ಗಲ್ಲವನ್ನು ಎದೆಗೆ ಅಂಟಿಸಿತು.

"ಸಾಕಾಗ್ಲಿಲ್ಲ. ಇನ್ನೂ ಉದ್ದ ಬೇಕು," ಎಂದ ಕಿಟ್ಟಣ್ಣ.

"ಅದಕ್ಕೆಂತ, ಗೇಟಿನ ಸರಳು ಉಂಟು," ಎಂದ ಕುಂಞಿ ಮೋನು.

ಸರಳನ್ನೂ ಬೆಸೆದು ಎಳೆದಾಗ ಮೂಗು ಮೊಣಕಾಲಿಗೆ ಬಂತು. ತುಟಿಯ ಕೊನೆಯಲ್ಲಿ ರಕ್ತ.

"ನಿಮ್ಮ ಬಾಯಿಗೆ ಹಾಕಿ ನೋಡಿ ಒಮ್ಮೆ!" ಎಂದಳು ಬೋಜಪ್ಪನ ಹೆಂಡತಿ ದುಗ್ಗಮ್ಮ. ಅವಳಿಗೆ ಕುದುರೆಯ ವಿಷಯ ಗೊತ್ತಿಲ್ಲವೆಂದು ಮೂವರು ಗಂಡಸರೂ ತೀರ್ಮಾನಿಸಿದರು.

ಬೋಜಪ್ಪ ಕುದುರೆಯನ್ನು ಜಾಲ್ಸೂರಿನ ಮದುವೆ ಛತ್ರದೆದುರು ತಂದು ನಿಲ್ಲಿಸಿದಾಗ ರಸ್ತೆಯಾಚೆ ಮಹೇಶ್ವರ ಆಗಲೇ ಲಾರಿ ನಿಲ್ಲಿಸಿ, ಹಲಗೆ ಇಳಿಸಿ, ಒಳಗೆ ಹುರುಳಿ ಚೆಲ್ಲಿ ಕಾಯುತ್ತಿದ್ದ.

"ಇದೆಂತ, ನೆಲದಲ್ಲಿ ಬಿದ್ದ ಸೂಜಿ ಹುಡುಕುದಾ? ವಾಪಸ್ ಕೊಂಡೋಗಿ!" ಎಂದರು ಮದುಮಗನ ಸೋದರಮಾವ.

ಬೋಜಪ್ಪ ರೋಸಿಹೋಗಿ ಕಡಿವಾಣವನ್ನೇ ಕಳಚಿಬಿಟ್ಟ. ಮುತ್ತು ತುಟಿ ನೆಕ್ಕಿಕೊಂಡಿತು. ಮೆಲ್ಲನೆ ತಲೆ ಎತ್ತಿತು. ಕ್ಯಾಲೆಂಡರಿನ ಕುದುರೆಯ ಹಾಗೆ ಕತ್ತು ನಿಂತಿತು.

"ಹೀಗೆ ಬೇಕು! ಹತ್ತು, ಮೋಕ್ಷಿತ್!" ಎಂದರು ಸೋದರಮಾವ.

ಮದುಮಗ ಹತ್ತಿದ. ಫೋಟೋ ತೆಗೆಯುವ ಯತಿನ್ ಓಡಿ ಬಂದ. ಬೋಜಪ್ಪನ ಕಣ್ಣು ತುಂಬಿತು.

ಆಗ ಬ್ಯಾಂಡು ಶುರುವಾಯಿತು.

ಮುತ್ತು ಬೆಚ್ಚಿ ನೆಗೆಯಿತು. ಎಳೆದು ನಿಲ್ಲಿಸಲು ಬಾಯಲ್ಲಿ ಕಡಿವಾಣವಿರಲಿಲ್ಲ. ಮದುಮಗ ಜಾರಿ ಬ್ಯಾಂಡಿನವರ ದೊಡ್ಡ ಡೋಲಿನ ಮೇಲೆ ಕೂತ. ಮುತ್ತು ತಲೆ ಎತ್ತಿಕೊಂಡೇ ರಸ್ತೆ ದಾಟಿ, ಹುರುಳಿಯ ವಾಸನೆ ಹಿಡಿದು, ಹಲಗೆ ಹತ್ತಿ ಲಾರಿಯೊಳಗೆ ನಿಂತಿತು.

"ಇಷ್ಟು ವರ್ಷದಲ್ಲಿ ತಾನಾಗಿ ಹತ್ತಿದ್ದು ಇದೊಂದೇ," ಎಂದ ಮಹೇಶ್ವರ. "ಮದುಮಗ ಇಲ್ಲ ಅಲ್ವಾ ಬೋಜಪ್ಪಣ್ಣ? ನೀವೇ ಹೇಳಿದ್ದು."

ಬೋಜಪ್ಪ ಲಾರಿಗೆ ಒರಗಿ ನಿಂತ. ಗೇಟಿನ ಸರಳು ಬೆಸೆದ ಕಡಿವಾಣ ಕೈಯಲ್ಲೇ ಇತ್ತು. ಏದುಸಿರು ಬಿಡುತ್ತ ಬಂದ ಯತಿನ್ ಕ್ಯಾಮೆರಾ ಎತ್ತಿದ.

"ಕುದುರೆ ಸೂಪರ್ ನಿಂತಿದೆ. ಬೋಜಪ್ಪಣ್ಣ, ನೀವು ಸ್ವಲ್ಪ ತಲೆ ಎತ್ತಿ."