ಅಪ್ಪನ ಕೈಗೆ ಎಂಟು ಬಳೆ

ಬೇರೆಯವರ ದನಿ ತೆಗೆಯುವ ಚಟ ಇರುವವನಿಗೆ ಒಂದು ಕಡೆ ತೆಪ್ಪಗೆ ಕೂರುವ ಯೋಗ ಇರುವುದಿಲ್ಲ. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ನನ್ನ ನಾಲಿಗೆ ಅವರ ಹಾಗೆ ಹೊರಳಲು ಶುರುಮಾಡುತ್ತದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಊರಿನ ಹೆಸರನ್ನು ಒಂದೇ ಉಸಿರಿಗೆ ಕೂಗುವ ಏಜೆಂಟು, ಹಸುವಿನ ಹತ್ತಿರವೂ ರೋಗಲಕ್ಷಣ ಕೇಳುವ ದನದ ಡಾಕ್ಟರು, ಮದುವೆಮನೆಯಲ್ಲಿ ಪಾಯಸ ಬೇಡ ಬೇಡ ಎನ್ನುತ್ತಲೇ ಲೋಟ ಮುಂದೆ ಹಿಡಿಯುವ ದೊಡ್ಡಮ್ಮ, ಕೆಲಸದ ಇಂಟರ್‌ವ್ಯೂನಲ್ಲಿ ಬೆವರುತ್ತಾ ಇಂಗ್ಲಿಷ್ ಮಾತಾಡುವ ನಾನು, ಇವರೆಲ್ಲ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದಾರೆ. ಇಷ್ಟು ಜನ ಒಳಗಿದ್ದರೆ ಮನುಷ್ಯ ನೆಮ್ಮದಿಯಾಗಿ ಹೇಗೆ ಕೂತಾನು? ಊಟದ ಮಣೆಯ ಮೇಲೂ ನನ್ನ ಮಂಡಿ ಕುಣಿಯುತ್ತಿರುತ್ತದೆ. ಆದರೆ ಈ ಗಂಟಲೇ ಒಂದು ದಿನ ನಮ್ಮ ಮನೆಗೆ ಹೊಸ ಅಮ್ಮನೊಬ್ಬಳನ್ನು ತಂದು, ಇದ್ದ ಅಪ್ಪನನ್ನು ಹೆಚ್ಚುಕಡಿಮೆ ಕಳೆದುಬಿಡುತ್ತದೆ ಎಂದು ನಾನು ಎಣಿಸಿರಲಿಲ್ಲ.

ಮೊದಲು ಇದ್ದ ಅಮ್ಮನ ವಿಷಯ. ನಮ್ಮಮ್ಮ ಕಳಸದಿಂದ ಸಂಸೆ ಕಡೆಗೆ ಜೀಪು ಓಡಿಸುತ್ತಾಳೆ. ಬೆಳಿಗ್ಗೆ ತೋಟದ ಕೆಲಸದವರು ಮತ್ತು ಶಾಲೆ ಮಕ್ಕಳು, ಆಮೇಲೆ ಗುಡ್ಡ ನೋಡಲು ಬರುವ ಪ್ರವಾಸಿಗರು. ಚೂಡಿದಾರದ ಮೇಲೆ ಅಪ್ಪನ ಹಳೇ ಅಂಗಿ, ಕಿವಿಗೆ ಮಫ್ಲರು. ಡೀಸೆಲ್ ಇಂಜಿನ್ನಿಗಿಂತ ಮೇಲೆ ಕೂಗಿ ಕೂಗಿ ಅವಳ ದನಿ ದೊರಗಾಗಿದೆ. ಮಾತಾಡಿದರೆ ಎಲ್ಲವೂ 'ಹಿಂದಿನ ಬಾಗಿಲು ಸರಿ ಹಾಕ್ಕಳಿ' ಎಂಬ ಧಾಟಿಯಲ್ಲೇ ಬರುತ್ತದೆ, ದೇವರಿಗೆ ಕೈಮುಗಿದಾಗಲೂ. ಅಡುಗೆಗೂ ಅವಳಿಗೂ ಇರುವ ಸಂಬಂಧ ತಟ್ಟೆಯಿಂದ ಬಾಯಿಗೆ ಎಷ್ಟೋ ಅಷ್ಟೇ. 'ನಂಗೂ ನೀರು ಕಾಯ್ಸೋಕೆ ಬರುತ್ತೆ' ಎಂದು ಅವಳು ಹೇಳಿಕೊಳ್ಳುವುದುಂಟು. ಅದು ರೇಡಿಯೇಟರಿನಲ್ಲಿ.

ಅಪ್ಪ ಕಾಫಿ ಎಸ್ಟೇಟೊಂದರಲ್ಲಿ ರೈಟರಾಗಿದ್ದವರು, ಅಂದರೆ ಕೆಲಸದವರ ಹಾಜರಿ ಬರೆಯುತ್ತಿದ್ದವರು. ಅವರು ಮನೆಗೆ ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ, ಅಮ್ಮ ಏಳಕ್ಕೆ. ನಡುವೆ ಹಸಿದುಕೊಂಡು ಅಳುವವನು ನಾನೊಬ್ಬ. ಹಾಗೆ ಇಪ್ಪತ್ತು ವರ್ಷದ ಹಿಂದೆ ಒಲೆ ಮುಂದೆ ನಿಂತವರು ಅಲ್ಲೇ ನೆಲೆಯಾದರು. ಅವರು ತಟ್ಟಿದ ಅಕ್ಕಿರೊಟ್ಟಿ ಕೆಂಡದ ಮೇಲೆ ಚೆಂಡಿನಂತೆ ಉಬ್ಬುತ್ತದೆ. ಮಾತು ಮಾತ್ರ ಕಡಿಮೆ. ಬಡಿಸಿ ಬಾಗಿಲ ಹತ್ತಿರ ನಿಲ್ಲುತ್ತಾರೆ, ನಮ್ಮ ಕೈ ಎರಡನೇ ರೊಟ್ಟಿಗೆ ಹೋಯಿತೋ, ತೃಪ್ತಿಯಿಂದ ಒಳಗೆ ಹೋಗುತ್ತಾರೆ. ಅವರ ಸಂಭ್ರಮ ಅಷ್ಟೇ.

ಎಸ್ಟೇಟಿನಿಂದ ನಿವೃತ್ತರಾದ ಮೇಲೆ ಅಪ್ಪ ಮೂರು ಕೋಣೆ ಕಟ್ಟಿಸಿ ಹೋಮ್‌ಸ್ಟೇ ಮಾಡಿದರು. ಜನ ಬರಬೇಕಲ್ಲ, ವಿಡಿಯೊ ಬೇಕು ಎಂದು ನಾನೇ ಹಟ ಹಿಡಿದು ಅಶ್ಫಾಕನನ್ನು ಕರೆಸಿದೆ. ಅವನು ಆಲ್ದೂರಿನವನು, ನನ್ನ ಜೊತೆ ಓದಿದವನು, ಮದುವೆ ವಿಡಿಯೊ ತೆಗೆಯುವುದು ಅವನ ಕಸುಬು. ಬರುವಾಗಲೇ ಮೊಬೈಲಿನಲ್ಲಿ ಶಾಟುಗಳ ಪಟ್ಟಿ ಬರೆದುಕೊಂಡು ಬಂದಿದ್ದ. ಅಮ್ಮ ಒಲೆ ಊದುವುದು, ಅಪ್ಪ ವರಾಂಡದಲ್ಲಿ ಪೇಪರು ಓದುವುದು, ಮಗ ಇಬ್ಬರ ಕಾಲಿಗೂ ಬೀಳುವುದು.

'ನಮ್ಮನೇಲಿ ಅಡುಗೆ ಅಪ್ಪಂದು ಕಣೋ' ಎಂದೆ.

'ಗೊತ್ತಿಲ್ವಾ ನಂಗೆ, ಎಷ್ಟು ವರ್ಷ ತಿಂದಿದೀನಿ. ಆದ್ರೆ ಗಂಡಸು ಒಲೆ ಮುಂದೆ ನಿಂತ್ರೆ ನೋಡೋರು ಹೋಟ್ಲು ಅಂದ್ಕೋತಾರೆ ಮಾರಾಯ. ಹೆಂಗಸು ನಿಂತ್ರೆ ಮನೆ.'

'ಮತ್ತೆ ಅಮ್ಮ ಜೀಪ್ ಓಡ್ಸೋದು?'

'ಅದು ಬೇರೆ ವಿಡಿಯೊ. ಅದಕ್ಕೆ ಮ್ಯೂಸಿಕ್ಕೇ ಬೇರೆ. ಕೊನೇಲಿ ಎಲ್ರೂ ಕಣ್ಣು ಒರೆಸ್ಕೋಬೇಕು.'

ನಿಮ್ಮ ಮನೆಯ ವಿಡಿಯೊ ತೆಗೆದರೆ ಹೇಗಿರಬೇಕು ಎಂದು ಕೆಣಕಿದೆ. 'ನಾವೆಲ್ಲ ಹೊಸ ಬಟ್ಟೆ ಹಾಕ್ಕೊಂಡು ಒಂದು ದೊಡ್ಡ ತಟ್ಟೆ ಸುತ್ತ ಕೂತು ಬಿರಿಯಾನಿ ತಿಂತಿರ್ಬೇಕು' ಎಂದ. 'ನಿಜ ಹೇಳ್ಬೇಕಂದ್ರೆ, ಗ್ಯಾರೇಜ್ ನಡ್ಸೋ ನಮ್ಮಮ್ಮ ಸಾಮಾನು ತರೋಕೆ ಹೋಗಿ ಮೂರು ದಿನ ಆಯ್ತು. ನಾವು ಮೂರು ದಿನದಿಂದ ಉಪ್ಪಿಟ್ಟು ತಿಂತಿದೀವಿ. ಅದನ್ನ ತೆಗೆದ್ರೆ ಯಾರು ನೋಡ್ತಾರೆ?'

ಅಮ್ಮನಿಗೆ ಅವನು ಕೊಡಗಿನ ಕಡೆಯವರಂತೆ ಸೀರೆ ಉಡಿಸಬೇಕೆಂದ. ನಾವು ಕೊಡಗಿನವರಲ್ಲವಲ್ಲ ಎಂದರೆ, 'ನೋಡೋರಿಗೆ ಬೆಟ್ಟ ಎಲ್ಲ ಒಂದೇ' ಎಂದ. ಅಮ್ಮ ಹಾಗೇ ಸೀರೆ ಉಟ್ಟು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಜೀಪಿನ ಕೀ ಹಿಡಿದು ನಾಲ್ಕು ನಿಮಿಷ ನಕ್ಕಳು. ಅವಳ ಕೈಗೆ ಹಿಟ್ಟು ಕೊಟ್ಟು ನೋಡಿದೆವು. ಅವಳು ತಟ್ಟಿದ್ದು ರೊಟ್ಟಿಗಿಂತ ಹೆಚ್ಚಾಗಿ ಜೀಪಿನ ಮಡ್‌ಗಾರ್ಡನ್ನು ಹೋಲುತ್ತಿತ್ತು. ಸೀರೆ ಬಿಚ್ಚಿ ಎಸೆದು, ಹಾರ್ನ್ ಹೊಡೆದುಕೊಂಡು ಹೊರಟೇಹೋದಳು.

ಅವಳು ನಕ್ಕ ನಾಲ್ಕು ನಿಮಿಷದಲ್ಲಿ ಕ್ಯಾಮೆರಾಕ್ಕೆ ಮುಖ ಸಿಕ್ಕಿತ್ತು, ಕೈ ಬೇಕಿತ್ತು. ಅಶ್ಫಾಕ್ ಅಪ್ಪನ ಕೈ ನೋಡಿದ. ನನ್ನ ರೇಜರಿನಿಂದಲೇ ಮೊಣಕೈವರೆಗೆ ಕೂದಲು ಬೋಳಿಸಿದೆವು. ಕಳಸದ ಫ್ಯಾನ್ಸಿ ಸ್ಟೋರಿನಿಂದ ಹಸಿರು ಗಾಜಿನ ಬಳೆ ತಂದು, ಸೋಪು ಸವರಿ, ಒಂದೊಂದು ಕೈಗೆ ನಾಲ್ಕರಂತೆ ತುರುಕಿದೆವು. ಅಪ್ಪ ಹಲ್ಲು ಕಚ್ಚಿಕೊಂಡಿದ್ದರು. ಕೇಳಿದ್ದು ಒಂದೇ ಮಾತು.

'ಮುಖ ಕಾಣಲ್ಲ ಅಲ್ವ?'

'ಇಲ್ಲ ಅಂಕಲ್' ಎಂದ ಅಶ್ಫಾಕ್. 'ಮೊಣಕೈಯಿಂದ ಮೇಲೆ ನೀವಿಲ್ಲ.'

ಅಪ್ಪ ತಲೆಯಾಡಿಸಿ ರೊಟ್ಟಿ ತಟ್ಟತೊಡಗಿದರು. ಅದು ಸಮಾಧಾನದ ತಲೆಯಾಡಿಸುವಿಕೆ ಎಂದುಕೊಂಡು ನಾನು ನಕ್ಕೆ. ಎಲ್ಲರ ದನಿ ಹಿಡಿಯುವವನಿಗೆ ಆ ಪ್ರಶ್ನೆಯ ದನಿ ಮಾತ್ರ ಸಿಗಲಿಲ್ಲ.

ಉಳಿದದ್ದು ಮಾತು. ಅಮ್ಮನ ದೊರಗು ದನಿ ನಡೆಯುವುದಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಧಾರಾವಾಹಿಗಳ ತಾಯಂದಿರನ್ನೆಲ್ಲ ಕಲಸಿ, ಮೇಲೆ ಸ್ವಲ್ಪ ಬೆಲ್ಲ ಸುರಿದು, 'ಬನ್ನಿ ಮಕ್ಕಳೇ, ನಿಮ್ಮಮ್ಮ ಕಾಯ್ತಾ ಇದ್ದಾಳೆ, ಕೈ ತೊಳ್ಕೊಳ್ಳಿ' ಎಂದು ನುಲಿದೆ. ಹೀಗೆ ಅಮ್ಮನ ಮುಖ, ಅಪ್ಪನ ಕೈ, ನನ್ನ ಗಂಟಲು ಸೇರಿ ಒಬ್ಬ ಪರಿಪೂರ್ಣ ಮಲೆನಾಡ ತಾಯಿ ತಯಾರಾದಳು. ನಿಜವಾದ ಅಮ್ಮ ವಿಡಿಯೊ ನೋಡಿ, 'ಯಾರೋ ಪಾಪ, ಒಳ್ಳೆ ಹೆಂಗಸು' ಎಂದಳು.

ತೊಂದರೆ ಶುರುವಾದದ್ದು ಬಳೆ ತೆಗೆಯುವಾಗ. ಸೋಪಿಗೆ ಹೋದ ಬಳೆ ಸೋಪಿಗೆ ಬರಲಿಲ್ಲ. ಅಪ್ಪನ ಕೈ ಊದಿಕೊಂಡಿತ್ತು. ನಾನು ಸುತ್ತಿಗೆ ತಂದೆ.

'ಒಡೀಬೇಡ' ಎಂದರು ಅಪ್ಪ.

'ಎಂತಕ್ಕೆ?'

ಅವರು ಒಲೆ ಕಡೆ ನೋಡಿಕೊಂಡು, 'ಬಳೆ ಒಡೀಬಾರ್ದು. ನಿಮ್ಮಮ್ಮ ದಿನಾ ಮನೆ ಕೆಳಗಿನ ಆ ಕೆಟ್ಟ ತಿರುವಲ್ಲಿ ಜೀಪು ಓಡಿಸ್ತಾಳೆ' ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ಗಂಡನ ಆಯಸ್ಸಿಗೆಂದು ಹೆಂಡತಿ ಬಳೆ ಕಾಯುವುದು ಕೇಳಿದ್ದೆ, ಹೆಂಡತಿಯ ಆಯಸ್ಸಿಗೆ ಗಂಡ ಕಾಯುವುದನ್ನು ಮೊದಲ ಸಲ ನೋಡಿದ್ದು. ಸಂಜೆ ಅಮ್ಮನಿಗೆ ಅಪ್ಪನ ದನಿಯಲ್ಲಿ ಹೇಳಲು ಹೋಗಿ ಯಾಕೋ ಸರಿಬರದೆ, ನನ್ನ ದನಿಯಲ್ಲೇ ಹೇಳಿದೆ. ಅಮ್ಮ ನಗಲಿಲ್ಲ. 'ನಂಗೆ ಗೇರಿಗೆ ತಾಗುತ್ತೆ ಅಂತ ತೆಗೆದಿಟ್ಟಿದ್ದೆ. ನೀವಾದ್ರೂ ಹಾಕ್ಕಂಡಿರಿ' ಎಂದು ಅಪ್ಪನಿಗೆ ಹೇಳಿ ಊಟಕ್ಕೆ ಕೂತಳು. ಮಾರನೇ ದಿನ ತಿರುವಿನಲ್ಲಿ ನಮ್ಮ ಜೀಪು ಎಂದಿಗಿಂತ ನಿಧಾನವಾಗಿ ಹೋಯಿತು.

ವಿಡಿಯೊ ಎಲ್ಲೆಲ್ಲೋ ಹರಿದಾಡಿ ಮೂರು ಕೋಣೆಯೂ ತುಂಬತೊಡಗಿತು. ಬಂದವರೆಲ್ಲ ಉಂಡು, ಕೈ ನೆಕ್ಕಿ, ಅಮ್ಮನ ಕಡೆ ತಿರುಗಿ, 'ಅಮ್ಮಾ, ಏನು ನಿಮ್ಮ ಕೈರುಚಿ' ಎನ್ನುತ್ತಿದ್ದರು. ಅಮ್ಮ ಕಳ್ಳಮಾಲು ಸಾಗಿಸುವವಳಂತೆ 'ಹೂಂ' ಎನ್ನುತ್ತಿದ್ದಳು. ಅಪ್ಪ ಏಪ್ರಿಲ್ ತಿಂಗಳ ಸೆಕೆಯಲ್ಲಿ ಬಳೆ ಕಾಣದಂತೆ ತುಂಬುತೋಳಿನ ಸ್ವೆಟರು ಹಾಕಿಕೊಂಡು, ನೀರಿನ ಜಗ್ಗು ಹಿಡಿದು ಹಿಂದೆ ನಿಂತಿರುತ್ತಿದ್ದರು. ಒಬ್ಬ ಅತಿಥಿಯಂತೂ, 'ಅಂಕಲ್, ನೀವು ಪುಣ್ಯವಂತರು, ಕೂತಲ್ಲೇ ಇಂಥ ಊಟ' ಎಂದ. ಎರಡನೇ ವಾರಕ್ಕೆ ಚಟ್ನಿಯಲ್ಲಿ ಉಪ್ಪು ಮರೆಯಾಯಿತು. ಮೂರನೇ ವಾರ ರೊಟ್ಟಿ ಉಬ್ಬುವುದು ನಿಂತಿತು. ಎಂತಾಯ್ತು ಅಪ್ಪ ಎಂದು ಕೇಳಿದೆ.

'ನನ್ನ ಎಂತಕ್ಕೆ ಕೇಳ್ತೀಯ? ನಿಮ್ಮಮ್ಮನ ಕೇಳು. ಅವಳ ಕೈರುಚಿ ಅಲ್ವ.' ಸ್ವಲ್ಪ ತಡೆದು ಹೇಳಿದರು, 'ಈ ಭಾನುವಾರದೋರು ಹೋಗ್ಲಿ. ಆಮೇಲೆ ನಾನು ಒಲೆ ಮುಟ್ಟಲ್ಲ.'

ಅಪ್ಪ ಹೆಚ್ಚು ಮಾತಾಡುವವರಲ್ಲವಾದ್ದರಿಂದ ಆಡಿದ್ದನ್ನು ಮಾಡುತ್ತಾರೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ವರಾಂಡದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ರಸ್ತೆಗೆ ನಡೆದೆ. ವಿಡಿಯೊ ತೆಗೆದುಹಾಕೋಣವೆಂದು ಮೊಬೈಲ್ ಕೈಗೆತ್ತಿಕೊಂಡರೆ, ಕೆಳಗೆ ಯಾರೋ 'ಆ ತಾಯಿಯ ದನಿಯಲ್ಲಿ ಎಷ್ಟು ಪ್ರೀತಿ' ಎಂದು ಬರೆದಿರುತ್ತಿದ್ದರು. ನಾನೂ ಮನುಷ್ಯ ನೋಡಿ, ಅಳಿಸಲು ಕೈ ಬರುತ್ತಿರಲಿಲ್ಲ.

ಭಾನುವಾರಕ್ಕೆ ಬಂದವರು ದಾವಣಗೆರೆಯ ನಿವೃತ್ತ ಟೀಚರ್ ಸರೋಜಮ್ಮ ಮತ್ತು ಅವರ ಇಬ್ಬರು ತಂಗಿಯರು. ಬೆಳಿಗ್ಗೆ ಎದ್ದವರೇ, 'ನಿಮ್ಮ ತಾಯಿ ರೊಟ್ಟಿ ತಟ್ಟೋದು ನೋಡ್ಬೇಕಪ್ಪ. ಅದಕ್ಕಂತನೇ ಬಂದೀವಿ' ಎಂದರು. ಅಮ್ಮ ಆರು ಗಂಟೆಗೇ ಜೀಪು ತೆಗೆದುಕೊಂಡು ಹೋಗಿದ್ದಳು. ಕರೆಯುತ್ತೇನೆ ಎಂದು ನಾನು ಅಡುಗೆಮನೆಗೆ ನುಗ್ಗಿ ಬಾಗಿಲು ಹಾಕಿದೆ. ಸೆಕೆಗೆ ಸ್ವೆಟರು ಬಿಚ್ಚಿಟ್ಟು ಅಪ್ಪ ಹಿಟ್ಟು ನಾದುತ್ತಿದ್ದರು. ಹೊರಗಿನಿಂದ ಸರೋಜಮ್ಮನವರು ಬಾಗಿಲು ತಟ್ಟಿದರು. ಬೇರೆ ದಾರಿಯಿರಲಿಲ್ಲ. ನಾನು ನುಲಿದೆ.

'ಒಳಗೆ ಪೂರ್ತಿ ಹೊಗೆ ಇದೆ, ಅಲ್ಲೇ ಕೂತ್ಕೊಳ್ಳಿ ಅಕ್ಕಾ. ಇಲ್ಲಿಂದ್ಲೇ ಹೇಳ್ತೀನಿ.'

'ಆಯ್ತ್ರೀ. ಹಿಟ್ಟಿಗೆ ನೀರೆಷ್ಟು ಇಡ್ತೀರಿ?'

ನನಗೇನು ಗೊತ್ತು, ನಾನು ಇಪ್ಪತ್ತು ವರ್ಷ ತಿಂದವನು. ಅಪ್ಪನ ಕಡೆ ನೋಡಿದೆ. ಅವರು ಒಂದು ಬೆರಳು ತೋರಿಸಿ, ಮೇಲೆ ಅಂಗೈಯನ್ನು ಸ್ವಲ್ಪ ಎತ್ತಿದರು. 'ಲೋಟ ಹಿಟ್ಟಿಗೆ ಲೋಟ ನೀರು, ಮೇಲೆ ಸ್ವಲ್ಪ' ಎಂದೆ. ಹೀಗೆ ಎರಡು ಪ್ರಶ್ನೆ ದಾಟಿದೆವು. ಮೂರನೆಯದಕ್ಕೆ ಸಿಕ್ಕಿಬಿದ್ದೆ.

'ನಾವು ಮಾಡಿದ್ರ ಅಂಚು ಬಿರೀತಾವ. ಅದ್ಯಾಕ್ರೀ?'

ಅಪ್ಪ ಕೈಯನ್ನು ಎತ್ತಿ, ಊದಿ, ಹಿಸುಕಿ ಏನೇನೋ ತೋರಿಸಿದರು. ಅರ್ಥವಾಗಲಿಲ್ಲ. ಸುಮ್ಮನಿರಲಾಗದೆ, 'ಅದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಅಕ್ಕಾ' ಎಂದುಬಿಟ್ಟೆ.

'ಸಕ್ಕರೆ ಯಾವನು ಹಾಕ್ತಾನೆ?'

ಇದು ಅಪ್ಪ. ಇಡೀ ಮನೆಗೆ ಕೇಳುವಂತೆ. 'ತಣ್ಣಗಾಗೋಕೆ ಬಿಟ್ರೆ ಬಿರೀತದೆ. ಬಿಸಿ ಇದ್ದಾಗ್ಲೇ ನಾದ್ಬೇಕು. ಕೈ ಸುಡುತ್ತೆ ಅಂತ ಕಾದ್ರೆ ರೊಟ್ಟಿ ಆಗಲ್ಲ.'

ಆ ಗಳಿಗೆಗೇ ಅಂಗಳದಲ್ಲಿ ಜೀಪು ನಿಂತು, 'ಹೋಯ್, ತಿಂಡಿ ಆಯ್ತಾ?' ಎಂದು ಅಮ್ಮನ ನಿಜವಾದ ದನಿ ಕೇಳಿಸಿತು. ಅಮ್ಮ ಹೊರಗೂ ಇದ್ದಾಳೆ ಒಳಗೂ ಇದ್ದಾಳೆ ಎಂದಾದ ಮೇಲೆ ಟೀಚರಾದವರು ಸುಮ್ಮನೆ ಕೂರುತ್ತಾರೆಯೇ? ಸರೋಜಮ್ಮ ಬಾಗಿಲು ತಳ್ಳಿದರು. ಒಳಗೆ ಗಂಟಲು ಹಿಡಿದುಕೊಂಡು ನಿಂತ ನಾನು, ಎಂಟು ಹಸಿರು ಬಳೆ ತೊಟ್ಟು ಹಿಟ್ಟಿನಲ್ಲಿ ಕೈಯಿಟ್ಟ ಅಪ್ಪ. ಸರೋಜಮ್ಮ ನನ್ನ ಕಡೆ ನೋಡಲೇ ಇಲ್ಲ. ಅಪ್ಪನ ಹೆಬ್ಬೆರಳ ಬುಡದಲ್ಲಿದ್ದ ಸುಟ್ಟ ಕಲೆಯನ್ನು ಬಗ್ಗಿ ನೋಡಿದರು.

'ವಿಡಿಯೊದಾಗ ಇದ್ದದ್ದು ಇವೇ ಕೈ' ಎಂದರು. 'ಈ ಕಲೆ ನೋಡೇ ಅಂದ್ಕೊಂಡಿದ್ದೆ, ಇವರಿಗೆ ಕೆಲಸ ಬರ್ತೈತಿ ಅಂತ. ಅಷ್ಟು ಬಿಸೀಗೆ ಕೈ ಸುಡಲ್ಲೇನ್ರೀ ಸರ್?'

ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲಿಗೆ ಬಂದು ನಿಂತ ಅಮ್ಮನನ್ನು ನೋಡಿದರು. 'ಇದು ಇವರದೇ ಅಡುಗೆ, ಮೊದ್ಲಿಂದ್ಲೂ. ನಾನು ಬರೀ ಹೂಂ ಅಂದಿದ್ದು' ಎಂದಳು ಅಮ್ಮ. ಆಮೇಲೆ ಅಪ್ಪ ಮಾತಾಡಿದರು. ತಣ್ಣೀರಿನಲ್ಲಿ ಕೈ ಅದ್ದಿ ನಾದುವುದು ಹೇಗೆ, ಹಳೇ ಅಕ್ಕಿಗೂ ಹೊಸ ಅಕ್ಕಿಗೂ ಏನು ವ್ಯತ್ಯಾಸ, ಮೊದಮೊದಲು ಮಾಡಿದ ರೊಟ್ಟಿಯನ್ನು ನಾನು ಹೇಗೆ ನಾಯಿಗೆ ಹಾಕಿ, ನಾನೇ ತಿಂದೆನೆಂದು ಸುಳ್ಳು ಹೇಳುತ್ತಿದ್ದೆ, ಎಲ್ಲ. ಒಂದು ತಾಸು. ಅವರೊಳಗೆ ಇಷ್ಟೊಂದು ಮಾತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಂದು ರೊಟ್ಟಿ ಮತ್ತೆ ಉಬ್ಬಿತು. ತಿಂಡಿಯಾದ ಮೇಲೆ ಸರೋಜಮ್ಮ ಅಪ್ಪನ ಕೈಗೆ ತೆಳು ಪ್ಲಾಸ್ಟಿಕ್ ಕವರು ಸುತ್ತಿ, ಮೇಲೆ ಕೊಬ್ಬರಿ ಎಣ್ಣೆ ಸವರಿ, ಎಂಟೂ ಬಳೆಯನ್ನು ಒಂದೂ ಒಡೆಯದಂತೆ ಜಾರಿಸಿದರು. ಅಮ್ಮ ಅವನ್ನು ದಾರಕ್ಕೆ ಪೋಣಿಸಿ ಜೀಪಿನ ಕನ್ನಡಿಗೆ ನೇತುಹಾಕಿದಳು. ಈಗ ಆ ತಿರುವಿನಲ್ಲಿ ಜೀಪು ಬರುವುದು ಹಾರ್ನಿಗಿಂತ ಮೊದಲು ಬಳೆಯಿಂದ ಗೊತ್ತಾಗುತ್ತದೆ.

ಹೊಸ ವಿಡಿಯೊ ಮಾಡಲು ಅಶ್ಫಾಕ್ ಮತ್ತೆ ಬಂದ. ಈ ಸಲ ಅಪ್ಪ ಮುಖ, ಕೈ, ಸುಟ್ಟ ಕಲೆ ಸಮೇತ ಒಲೆ ಮುಂದೆ ನಿಂತರು. ಕ್ಯಾಮೆರಾ ಮುಂದೆ ಬಾಯಿ ಮಾತ್ರ ಕಟ್ಟಿಹೋಯಿತು. 'ನೀನೇ ನನ್ನ ಹಾಗೆ ಮಾತಾಡು ಮಾರಾಯ, ನಿಂಗೆ ಎಲ್ರದ್ದೂ ಬರುತ್ತಲ್ಲ' ಎಂದರು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

'ಇದು ದನದ ಡಾಕ್ಟ್ರು' ಎಂದ ಅಶ್ಫಾಕ್.

ಮತ್ತೆ ಹೇಳಿದೆ. 'ಇದು ನಿಮ್ಮ ದೊಡ್ಡಮ್ಮ.' ಮೂರನೇ ಸಲ ಕಣ್ಣು ಮುಚ್ಚಿಕೊಂಡು ಹೇಳಿದೆ. 'ಇದು ನೀನು. ಇಂಟರ್‌ವ್ಯೂದು.'

ಊರವರನ್ನೆಲ್ಲ ಹೊತ್ತುಕೊಂಡು ತಿರುಗುವ ಗಂಟಲಿನಲ್ಲಿ ಅಪ್ಪನಿಗೆ ಜಾಗವೇ ಇರಲಿಲ್ಲ. ಅವರ ಎದುರು ಕೂತು ಇಷ್ಟು ವರ್ಷ ಬೇರೆಯವರ ದನಿ ತೆಗೆದೆನೇ ಹೊರತು, ಅವರು ಬಾಯಿ ತೆರೆಯುವಷ್ಟು ಬಿಡುವು ಕೊಟ್ಟವನಲ್ಲ. ಹಾಗಾಗಿ ಹೊಸ ವಿಡಿಯೊ ಅರ್ಧಕ್ಕೆ ನಿಂತಿದೆ. ನಾನು ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಅಪ್ಪನ ಮಾತು ಕಲಿಯುತ್ತಿದ್ದೇನೆ. ಸುಮ್ಮನೆ ಕೂತವರನ್ನು ಕಂಡರೆ ಅವರಿಗಾಗದು, ಕಾಯಿ ತುರಿಯಲು ಕೊಟ್ಟಿದ್ದಾರೆ. ತುರಿಮಣೆಯ ಮೇಲೆ ಕೂತು ಮಂಡಿ ಕುಣಿಸಿದರೆ ಬೆರಳು ಹೋಗುತ್ತದೆ. ಹುಟ್ಟಿದಾರಭ್ಯ ಮೊದಲ ಬಾರಿಗೆ ನಾನು ಅಲ್ಲಾಡದೆ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.

ಮೊನ್ನೆ ಒಬ್ಬ ಅತಿಥಿ ಅಡುಗೆಮನೆಗೆ ಇಣುಕಿ, ನನ್ನ ಕಡೆ ಬೊಟ್ಟು ಮಾಡಿ, 'ಮಗ ಏನು ಮಾಡ್ಕೊಂಡಿದಾನೆ?' ಎಂದು ಅಪ್ಪನನ್ನು ಕೇಳಿದರು. ಅಪ್ಪ ರೊಟ್ಟಿ ಮಗುಚಿ ಹಾಕಿ, ಅದು ಉಬ್ಬುವವರೆಗೆ ಕಾದು, ಸಾವಕಾಶವಾಗಿ ಹೇಳಿದರು.

'ಸ್ವಲ್ಪ ದಿನ ನಮ್ಮನೇಲೇ ಅಮ್ಮ ಆಗಿದ್ದ. ಈಗ ಆ ಕೆಲಸಾನೂ ಬಿಟ್ಟಿದಾನೆ.'