ಬಾಸಿನ ದಿನಸಿ

ಸುದ್ದಿಮನೆಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಕಣ್ಣಾರೆ ಕಂಡದ್ದನ್ನು ಹಾಗೆಯೇ ಬರೆಯುವುದು, ಕಾಣದ್ದಕ್ಕೆ ‘ಎನ್ನಲಾಗಿದೆ’ ಎಂದು ಬಾಲ ಕಟ್ಟುವುದು. ಮೈಸೂರಿನ ಪತ್ರಿಕೆ ಬಿಟ್ಟು ಮಸ್ಕತ್ತಿಗೆ ಬಂದು, ಖುರುಮ್ ಬಡಾವಣೆಯ ಕಂಪನಿಯೊಂದರಲ್ಲಿ ಪ್ರಕಟಣೆ ತಿದ್ದುವ ಕೆಲಸಕ್ಕೆ ಸೇರಿದ ಮೇಲೂ ನನಗೆ ಅದು ಬಿಟ್ಟಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳಬೇಕಾದರೂ ಎರಡು ಬಟ್ಟಲು ಕುಡಿದು ಖಚಿತಪಡಿಸಿಕೊಳ್ಳುತ್ತೇನೆ. ನಿಮ್ಮ ತನಿಖೆ ಮುಗಿಯುವಷ್ಟರಲ್ಲಿ ಸಾರೇ ಮುಗಿದಿರುತ್ತದೆ ಎನ್ನುವುದು ಹೆಂಡತಿ ಸುಮಾಳ ದೂರು.

ನಮ್ಮ ಬಾಸ್ ಗ್ರಹಾಂ ಇಂಗ್ಲೆಂಡಿನವರು. ಹೋದ ತಿಂಗಳು ಬೆಟ್ಟದ ಕಣಿವೆಯೊಂದರಲ್ಲಿ ನಡೆಯಲು ಹೋಗಿ, ಕಲ್ಲಿನ ಮೇಲೆ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಲ್ ಅಜೈಬಾದ ಮನೆಯಲ್ಲಿ ಮಲಗಿದರು. ಮಬೇಲಾದ ನಮ್ಮ ಮನೆಗೆ ನಾನು ಹೋಗುವುದು ಅದೇ ದಾರಿಯಲ್ಲಿ. ತೊಂದರೆಯಾಗದಿದ್ದರೆ ತಮ್ಮೂರಿನ ಒಂದೆರಡು ಸಾಮಾನು ತಂದುಕೊಡಲು ಸಾಧ್ಯವೇ ಎಂದು ಫೋನಿನಲ್ಲಿ ಕೇಳಿದರು. ಇಂಗ್ಲಿಷರ ವಿನಯ ಎಂಥದ್ದೆಂದರೆ, ಅದು ಕೋರಿಕೆಯೋ ಆಜ್ಞೆಯೋ ತಿಳಿಯುವಷ್ಟರಲ್ಲಿ ನಾವು ಹೂಂ ಎಂದಾಗಿರುತ್ತದೆ.

ದಾರಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಮೊದಲ ಸಾಮಾನುಗಳು ಸುಲಭವಾಗಿಯೇ ಸಿಕ್ಕವು. ಸಿಹಿ ಟೊಮೆಟೊ ರಸದಲ್ಲಿ ಮುಳುಗಿಸಿದ ಕಾಳಿನ ಡಬ್ಬಿ, ಚಹಾದಲ್ಲಿ ಅದ್ದುವ ಗೋಧಿ ಬಿಸ್ಕತ್ತು, ಕಂದು ಬಣ್ಣದ ಒಂದು ಸಾಸು. ಸಾಸಿನ ಲೇಬಲ್ಲಿನಲ್ಲಿ ಹುಣಸೆಹಣ್ಣು ಎಂದು ಓದಿದಾಗ ಪರದೇಶದಲ್ಲಿ ನೆಂಟರನ್ನು ಕಂಡಂತಾಯಿತು. ಉಳಿದದ್ದು ಬೇಕನ್ ಮತ್ತು ಸಾಸೇಜು. ಹಂದಿಮಾಂಸವನ್ನು ಇಲ್ಲಿ ಉಳಿದ ಸಾಮಾನಿನ ಜೊತೆ ಇಡುವುದಿಲ್ಲ. ಅಂಗಡಿಯ ಹಿಂಭಾಗದಲ್ಲಿ ಅದಕ್ಕೇ ಒಂದು ಕೋಣೆ, ಮುಸ್ಲಿಮೇತರರಿಗೆ ಮಾತ್ರ ಎಂಬ ಫಲಕ, ಒಳಗೇ ಬಿಲ್ಲು ಮಾಡುವ ಕೌಂಟರು. ನಮ್ಮಂಥ ಸಸ್ಯಾಹಾರಿಗಳು ಆ ಬಾಗಿಲಿನ ಮುಂದೆ ಹಾಯುವಾಗ, ಮಾತಾಡಿಸಿದರೆ ಕಷ್ಟ ಎಂಬ ಪರಿಚಯಸ್ಥರ ಮನೆಯ ಮುಂದೆ ಹೋಗುವವರಂತೆ ಬೀಸುಹೆಜ್ಜೆ ಹಾಕುತ್ತೇವೆ.

ನನಗಂತೂ ಹೆದರಲು ಬೇರೆ ಕಾರಣವೂ ಇತ್ತು. ನಮ್ಮ ಕನ್ನಡಿಗರ ಬಳಗದ ಗಣೇಶನ ಹಬ್ಬ ಹತ್ತಿರ ಬಂದಿತ್ತು. ಪ್ರಸಾದದ ಅಡುಗೆಯ ಉಸ್ತುವಾರಿ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿತ್ತು. ಸುಮಾ ಈ ಸುದ್ದಿಯನ್ನು ಮೈಸೂರಿನ ಅಕ್ಕನಿಗೆ ಹೇಳಿಯೂ ಆಗಿತ್ತು. ಅದನ್ನು ನನಗೆ ವಹಿಸಿದವರು ಬಳಗದ ಅಧ್ಯಕ್ಷರಾದ ಶ್ರೀಕಂಠಮೂರ್ತಿಗಳು. ಈರುಳ್ಳಿ ಹೆಚ್ಚಿದ ಚಾಕು ತಗುಲಿತೆಂದು ಹಿಂದಿನ ವರ್ಷ ಒಂದು ಪಾತ್ರೆ ಕೋಸಂಬರಿಯನ್ನೇ ವಾಪಸು ಕಳಿಸಿದ್ದವರು.

ಹಿಂದೆ ಮುಂದೆ ನೋಡಿ ಕೋಣೆಯೊಳಗೆ ನುಗ್ಗಿದೆ. ಎದುರಿಗೆ ಶ್ರೀಕಂಠಮೂರ್ತಿಗಳು, ಕೈಯಲ್ಲಿ ಬುಟ್ಟಿ.

ಅವರು ಬುಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು.

“ಬಾಸಿಗೆ,” ಎಂದೆ ನಾನು.

“ನಂದೂ ಬಾಸಿಗೇ,” ಎಂದರು ಅವರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೌಂಟರಿನಲ್ಲಿದ್ದ ಉಡುಪಿ ಕಡೆಯ ಲವೀನಾ ಮೂರ್ತಿಗಳ ಬುಟ್ಟಿ ನೋಡಿ ನಕ್ಕಳು. “ಯಾವಾಗಿನದ್ದೇ ಅಲ್ವಾ ಸರ್? ತೆಳು ಸ್ಲೈಸ್ ಒಳಗಿಂದ ತಂದ್ಕೊಡ್ತೇನೆ.”

ಮೂರ್ತಿಗಳು ಛಾವಣಿಯನ್ನು ಪರಿಶೀಲಿಸಿದರು. ಹೊರಡುವಾಗ, ಕಡುಬಿಗೆ ಕಾಯಿ ಒಣಗಿದ್ದು ಬೇಡ, ಹಸಿಯದ್ದೇ ತರಿಸಿ ಎಂದು ಗಂಭೀರವಾಗಿ ಸೂಚಿಸಿ ನಡೆದರು.

ಮನೆಗೆ ಬಂದು ಸುಮಾಳಿಗೆ ಎಲ್ಲವನ್ನೂ ವರದಿ ಮಾಡಿದೆ. ಪಾಪ, ನಿಜವಾಗಿಯೂ ಬಾಸಿಗೇ ಇರಬಹುದು ಎಂದಳು. ನಾನು ನಕ್ಕೆ. ಸಾಕ್ಷಿ ಕಣ್ಣೆದುರಿಗಿದೆ, ಬುಟ್ಟಿ ಇದೆ, ಕೌಂಟರಿನ ಹೇಳಿಕೆ ಇದೆ, ಇನ್ನೇನು ಬೇಕು ಎಂದು ಕೇಳಿದೆ. ಹೊರಗೆ ಯಾರಿಗೂ ಹೇಳಲಿಲ್ಲ, ನಿಜ. ಆದರೆ ಸುದ್ದಿಯನ್ನು ಅದುಮಿಟ್ಟುಕೊಂಡವನ ಮುಖದಲ್ಲಿ ಒಂದು ಕಳೆ ಬರುತ್ತದೆ. ಹಬ್ಬದ ಸಿದ್ಧತೆಯ ಸಭೆಗಳಲ್ಲಿ ಮೂರ್ತಿಗಳು ಮಡಿಯ ಬಗ್ಗೆ ಮಾತಾಡುವಾಗಲೆಲ್ಲ ಆ ಕಳೆಯಿಂದ ಅವರನ್ನೇ ನೋಡುತ್ತಿದ್ದೆ.

ಈ ನಡುವೆ ಗ್ರಹಾಂ ಅವರ ಕಾಲು ವಾಸಿಯಾಗಲು ತಡವಾಯಿತು. ಪ್ರತಿ ಗುರುವಾರ ಆ ಕೋಣೆ ನನ್ನ ದಾರಿಯ ಭಾಗವೇ ಆಯಿತು. ಯಾವ ಸಾಸೇಜಿನಲ್ಲಿ ಸೇಬು, ಯಾವುದರಲ್ಲಿ ಸೊಪ್ಪು ಎಂದು, ತಿನ್ನದೆಯೇ ವಿವರಿಸಬಲ್ಲವನಾದೆ. ಮೊನ್ನೆ ಕೌಂಟರಿನ ಮುಂದೆ ನಿಂತಿದ್ದಾಗ ಹಿಂದಿನಿಂದ ಯಾರೋ ಸರ್ ಎಂದರು. ನಾಗೇಂದ್ರ. ಬೆಂಗಳೂರಿನಿಂದ ಹೊಸದಾಗಿ ಬಂದವನು, ಹಬ್ಬದ ಅಡುಗೆಗೆ ನನ್ನ ಕೈಕೆಳಗೆ ಸೌತೆಕಾಯಿ ಹೆಚ್ಚಲು ಒಪ್ಪಿಕೊಂಡವನು. ಮೊಸರು ಎಲ್ಲಿದೆಯೆಂದು ಹುಡುಕುತ್ತಾ ಫಲಕ ಓದದೆ ಒಳಗೆ ಬಂದಿದ್ದ.

ಲವೀನಾ ತಲೆಯೆತ್ತಿದಳು. “ಯಾವಾಗಿನದ್ದೇ ಅಲ್ವಾ ಸರ್?”

“ಬಾಸಿಗೆ,” ಎಂದೆ ನಾಗೇಂದ್ರನಿಗೆ.

“ಅಯ್ಯೋ, ಇರ್ಲಿ ಬಿಡಿ ಸರ್. ನಾನೇನೂ ಕೇಳ್ಲಿಲ್ವಲ್ಲ,” ಎಂದ ಅವನು. ಅವನ ಮುಖದಲ್ಲಿ ಒಂದು ಕಳೆ ಬಂತು. ನನಗೆ ಚೆನ್ನಾಗಿ ಗೊತ್ತಿದ್ದ ಕಳೆ.

ಗ್ರಹಾಂ ಅವರಿಗೆ ಸಾಮಾನು ತಲುಪಿಸಿ ಮನೆಗೆ ಬಂದೆ. ಸುಮಾ ಕಡುಬಿನ ಹಿಟ್ಟಿನ ಪ್ರಯೋಗದಲ್ಲಿದ್ದಳು. ಕೈಕಾಲು ತೊಳೆದು, ನೀರು ಕುಡಿದು, ಸಾಧ್ಯವಾದಷ್ಟು ಸಹಜವಾಗಿ ಕೇಳಿದೆ.

“ಅಲ್ವೇ, ಆ ಮೂರ್ತಿಗಳು ನಿಜವಾಗ್ಲೂ ಬಾಸಿಗೇ ತಗೊಂಡಿರಬಹುದು, ಅಲ್ವಾ?”

ಅವಳು ಹಿಟ್ಟಿನಿಂದ ಕೈ ತೆಗೆಯದೆಯೇ ಕೇಳಿದಳು. “ಯಾರು ನೋಡಿದ್ರು ನಿಮ್ಮನ್ನ?”